ಬಿಡಿಸದೆ ಉಳಿದ ಗುಡ್ಡದ ದಾರಿ

ನಮ್ಮೂರಿನಲ್ಲಿ ಹಳೆಯ ಕಾರು ಕೊಳ್ಳಬೇಕು ಎಂದುಕೊಂಡವರು ಮನೆಯವರಿಗೆ ಹೇಳುವ ಮೊದಲೇ ನನ್ನ ಹತ್ತಿರ ಬರುತ್ತಾರೆ. ಬಸ್ ನಿಲ್ದಾಣದ ಹಿಂದಿರುವ ಗ್ಯಾರೇಜು ನನ್ನದು, ಅಪ್ಪನಿಂದ ಬಂದದ್ದು. ನನ್ನ ಹೆಸರು ಜುಲೇಖಾ. ಊರಿನವರಿಗೆ ಜುಲೇಖಕ್ಕ. ರಿಪೇರಿಗಿಂತ ಕಾರು ನೋಡಿ ಹೇಳುವ ಕೆಲಸವೇ ಈಗ ನನಗೆ ಹೆಚ್ಚು.

ಕಾರು ನೋಡಲು ನಾನು ಬೆಳಿಗ್ಗೆಯೇ ಹೋಗುತ್ತೇನೆ, ಅದೂ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ. ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ನಾನು ಬರುವ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹಟ ಮಾಡುವ ಕಾರಿಗೆ ಹಾಗೆ ಮಾಡುತ್ತಾರೆ. ಆಮೇಲೆ ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ನೋಡುತ್ತೇನೆ. ಕಾಲಡಿಯ ಮ್ಯಾಟ್ ಎತ್ತಿ ಮೂಸುತ್ತೇನೆ. ನೀರಿನಲ್ಲಿ ನಿಂತಿದ್ದ ಕಾರಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಾಲ್ಕೂ ಬಾಗಿಲು ಹಾಕಿ ಸದ್ದು ಕೇಳುತ್ತೇನೆ. ಒಂದರ ಸದ್ದು ಬೇರೆಯಾಗಿದ್ದರೆ ಆ ಕಡೆ ಎಂದೋ ಪೆಟ್ಟು ತಿಂದಿದೆ. ಇಷ್ಟನ್ನು ಯಾವ ಊರಿನ ಮೆಕ್ಯಾನಿಕ್ಕಾದರೂ ಮಾಡುತ್ತಾನೆ. ನಮ್ಮೂರಿನಲ್ಲಿ ಇನ್ನೊಂದು ಕೆಲಸ ಉಂಟು. ಕಾರನ್ನು ರಸ್ತೆಗೆ ಇಳಿಸಿ, ಪ್ರತಿ ಕವಲಿನಲ್ಲೂ ಸ್ಟೀರಿಂಗ್ ಮೇಲಿನ ಹಿಡಿತ ಸಡಿಲ ಮಾಡಿ, ಅದು ಯಾವ ಕಡೆ ವಾಲುತ್ತದೆ ಎಂದು ನೋಡಬೇಕು.

ನಮ್ಮಲ್ಲಿ ಕಾರುಗಳು ತಮ್ಮನ್ನು ಓಡಿಸಿದವರ ದಾರಿಗಳನ್ನು ಮರೆಯುವುದಿಲ್ಲ. ಹತ್ತಾರು ಸಲ ಒಂದೇ ಕಡೆ ಹೋದರೆ ಸಾಕು, ಆ ತಿರುವು ಬಂದಾಗ ಸ್ಟೀರಿಂಗ್ ತಾನಾಗಿ ಅತ್ತ ಸರಿಯುತ್ತದೆ. ಸಂಜೆ ಹಸು ಕೊಟ್ಟಿಗೆಯ ಕಡೆ ಮುಖ ತಿರುಗಿಸುತ್ತದಲ್ಲ, ಹಾಗೆ. ಗಟ್ಟಿಯಾಗಿ ಹಿಡಿದರೆ ಬೇರೆ ದಾರಿಗೆ ಬರುತ್ತದೆ, ಆದರೆ ಮನಸ್ಸಿಲ್ಲದೆ ಬರುತ್ತದೆ. ಕುಡಿತ ಬಿಟ್ಟವರು ಮೊದಲು ಮಾಡುವ ಕೆಲಸವೆಂದರೆ ಕಾರು ಬದಲಾಯಿಸುವುದು. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಾರನ್ನು ಒಂದು ಗಂಟೆ ಕೇಳಿ ಪಡೆಯುವುದನ್ನು ನಮ್ಮಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಕಾರು ಮಾರುವಾಗ ಹಳೆಯ ಯಜಮಾನ, ಅವನಿಲ್ಲದಿದ್ದರೆ ಅವನ ಮನೆಯವರು, ಕೊಳ್ಳುವವರ ಜೊತೆ ಕೂತು ಹೋಗಿ ದಾರಿ ಬಿಡಿಸಿಕೊಡಬೇಕು. ಕಾರು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಲು ಬಿಟ್ಟು, ಎಂಜಿನ್ ಆರಿಸಿ, ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು "ಇಲ್ಲಿ ಇನ್ನು ಕೆಲಸ ಇಲ್ಲ" ಎನ್ನಬೇಕು. ಅಷ್ಟು ಹೇಳಿದರೆ ಅದು ಆ ದಾರಿಯನ್ನು ಬಿಡುತ್ತದೆ. ಬಿಡಿಸದ ದಾರಿ ಒಂದು ಉಳಿದರೂ ನಾನು ಆ ಕಾರನ್ನು ಕೊಳ್ಳಲು ಹೇಳುವುದಿಲ್ಲ. ಎಳೆದಾಟದಲ್ಲಿ ಟೈರು ಸವೆಯುತ್ತದೆ, ಮಳೆಗಾಲದಲ್ಲಿ ಜಾರುತ್ತದೆ.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ಹುಲಿಗೆಮ್ಮ ಸಿಸ್ಟರ್ ಗ್ಯಾರೇಜಿಗೆ ಬಂದರು. ಊರಂಚಿನ ಆರೋಗ್ಯ ಉಪಕೇಂದ್ರದ ನರ್ಸ್. ಗುಡ್ಡದ ಮೇಲಿನ ಏಳು ಕೇರಿಗಳ ಹೆರಿಗೆ ಅವರದೇ ಜವಾಬ್ದಾರಿ. ಹನ್ನೊಂದು ವರ್ಷ ಸ್ಕೂಟರಿನಲ್ಲಿ ಗುಡ್ಡ ಹತ್ತಿ ಇಳಿದವರು. ಹಿಂದಿನ ಮಳೆಗಾಲದಲ್ಲಿ ಎರಡನೆಯ ತಿರುವಿನಲ್ಲಿ ಜಾರಿ ಬಿದ್ದು ಎಡ ಮುಂಗೈ ಮುರಿದುಕೊಂಡಿದ್ದರು. ಆಮೇಲೆ ಹಟ ಹಿಡಿದು ಕಾರು ಕಲಿತಿದ್ದರು.

"ಮಳೆ ಹಿಡಿಯೋದಕ್ಕೆ ಇನ್ನು ಮೂರು ವಾರ ಇದೆ ಜುಲೇಖಕ್ಕ. ಅಷ್ಟರಲ್ಲಿ ನನಗೊಂದು ಕಾರು ಬೇಕು" ಎಂದರು.

"ಎಂಥದ್ದು?"

"ಅದನ್ನ ನೀವೇ ಹೇಳ್ಬೇಕು."

ನಾನು ಹೇಳಿದೆ. ದೊಡ್ಡದು ಬೇಡ, ಗುಡ್ಡದ ತಿರುವುಗಳಲ್ಲಿ ಎದುರಿಗೆ ಬಸ್ ಬಂದರೆ ಹಿಂದೆ ಸರಿಸುವುದು ಕಷ್ಟ. ಆದರೆ ನೆಲದಿಂದ ಎತ್ತರ ಇರಬೇಕು, ಇಲ್ಲದಿದ್ದರೆ ಮೇಲಿನ ಕೇರಿಗಳ ಕಲ್ಲುಗಳು ಹೊಟ್ಟೆ ಕೆರೆಯುತ್ತವೆ. ಹಿಂದಿನ ಸೀಟು ಮಡಚಿದರೆ ಒಬ್ಬ ಹೆಂಗಸು ಕಾಲು ಚಾಚಿ ಮಲಗುವಷ್ಟು ಜಾಗ ಆಗಬೇಕು. ಎರಡನೆಯ ಗೇರಿನಲ್ಲಿ ಏದುಸಿರು ಬಿಡದೆ ಹತ್ತಬೇಕು. ಹ್ಯಾಂಡ್‌ಬ್ರೇಕ್ ಎಳೆದರೆ ಇಳಿಜಾರಿನಲ್ಲಿ ಕಲ್ಲಿನ ಹಾಗೆ ನಿಲ್ಲಬೇಕು, ಯಾಕೆಂದರೆ ನೀವು ಚೀಲ ಹಿಡಿದು ಓಡುವಾಗ ಚಕ್ರಕ್ಕೆ ಕಲ್ಲು ಕೊಡಲು ಯಾರೂ ಇರುವುದಿಲ್ಲ. ಬಣ್ಣ ಯಾವುದಾದರೂ ಆಗಲಿ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಬೂದು ಬಣ್ಣದ್ದೊಂದು ಇದೆಯಂತೆ. ತಕ್ಕಡಿ ಧರಣೇಂದ್ರಯ್ಯನವರದ್ದು" ಎಂದರು.

ಧರಣೇಂದ್ರಯ್ಯನವರು ಊರಿನ ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನೆಲ್ಲ ಸರಿಮಾಡಿಕೊಡುತ್ತಿದ್ದವರು. ಆರು ತಿಂಗಳ ಹಿಂದೆ ಅಂಗಡಿಯಲ್ಲಿ ಕೂತಿದ್ದಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಕುಸುಮಾವತಿಯವರು ಅಂಗಡಿಯ ಬಾಗಿಲು ತೆಗೆಸಿ, ಒಬ್ಬ ಕೆಲಸಗಾರನನ್ನಿಟ್ಟು ನಡೆಸುತ್ತಿದ್ದರು. ಅವರಿಗೆ ಕಾರು ಓಡಿಸಲು ಬರುತ್ತಿತ್ತು. ಗಂಡನೇ ಕಲಿಸಿದ್ದು. ಹಾಗಿದ್ದೂ ಮಾರುತ್ತಿದ್ದಾರೆ ಎಂದರೆ ನನಗೆ ಸ್ವಲ್ಪ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಹೋದೆ. ಬಾನೆಟ್ ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ, ಮ್ಯಾಟಿನ ಕೆಳಗೆ ಒಣ ನೆಲ, ಬಾಗಿಲುಗಳು ನಾಲ್ಕೂ ಒಂದೇ ಸದ್ದು. ತಕ್ಕಡಿ ನೋಡಿಕೊಂಡ ಹಾಗೆಯೇ ಆ ಮನುಷ್ಯ ಕಾರನ್ನೂ ನೋಡಿಕೊಂಡಿದ್ದರು. ಆಮೇಲೆ ಟೈರಿನ ಒಳಗಡೆ ಕೈ ಹಾಕಿದೆ. ಮಡ್‌ಗಾರ್ಡಿನ ಒಳಮೈಗೆ ಕೆಂಪು ಮಣ್ಣು ಪದರ ಪದರವಾಗಿ ಅಂಟಿತ್ತು. ನಮ್ಮೂರಿನ ಮಣ್ಣು ಕಪ್ಪು. ಕೆಂಪು ಮಣ್ಣು ಇರುವುದು ಗುಡ್ಡದ ಮೇಲೆ.

"ಯಜಮಾನ್ರು ಎಲ್ಲೆಲ್ಲಿಗೆ ಹೋಗ್ತಿದ್ರು ಅಮ್ಮ?" ಎಂದು ಕೇಳಿದೆ.

"ಅಂಗಡಿ, ಬಸದಿ, ಸಂತೆ ಮೈದಾನ. ಅಷ್ಟೇ" ಎಂದರು ಕುಸುಮಾವತಿಯವರು. ಅವರು ನನ್ನ ಮುಖ ನೋಡಲಿಲ್ಲ.

ಚಾಲಕನ ಪಕ್ಕದ ಸೀಟಿನಲ್ಲಿ ಕೂತೆ. ಕೂತ ಕೂಡಲೇ ತಿಳಿಯಿತು. ಯಾರೋ ಕೂತು ಕೂತು ಆ ಸೀಟಿನ ಸ್ಪಂಜು ತಗ್ಗಾಗಿತ್ತು. ಸೀಟ್ ಬೆಲ್ಟಿನ ಕೊಕ್ಕೆ ಬಳಕೆಯಿಂದ ಹೊಳೆಯುತ್ತಿತ್ತು. ಕುಸುಮಾವತಿಯವರು ಮುಂದೆ ಕೂರುವವರಲ್ಲ. ಗಂಡನ ಜೊತೆ ಬಸದಿಗೆ ಹೋಗುವಾಗಲೂ ಹಿಂದಿನ ಸೀಟಿನಲ್ಲಿ, ಪೂಜೆಯ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದುದನ್ನು ಊರೆಲ್ಲ ನೋಡಿತ್ತು. ನಾನು ಇಳಿದು, ಕಾರು ಚೆನ್ನಾಗಿದೆ, ಆದರೆ ಒಂದು ದಾರಿ ಹೇಳದೆ ಉಳಿದಿದೆ ಎಂದೆ.

ಅವರು ತುಂಬ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ನಿಂತರು. ಆಮೇಲೆ ಒಳಗೆ ಕರೆದು ಕೂರಿಸಿ ಹೇಳಿದರು. ಪ್ರತಿ ಗುರುವಾರ ಮಧ್ಯಾಹ್ನ ಯಜಮಾನರು ಊಟ ಮುಗಿಸಿ ಹೊರಡುತ್ತಿದ್ದರಂತೆ, ಹೊರಗಿನ ಊರಿನ ತಕ್ಕಡಿ ನೋಡಿ ಬರುತ್ತೇನೆ ಎಂದು. ಅವರು ತೀರಿಕೊಂಡ ಮೇಲೆ ಒಂದು ದಿನ ಕುಸುಮಾವತಿಯವರೇ ಕಾರು ತೆಗೆದು ಬಸದಿಗೆ ಹೊರಟರು. ಇಟ್ಟಿಗೆ ಗೂಡಿನ ಕವಲಿನಲ್ಲಿ ಸ್ಟೀರಿಂಗ್ ಗುಡ್ಡದ ಕಡೆ ವಾಲಿತು.

"ಸುಮ್ಮನೆ ವಾಲಿದ್ದಲ್ಲ ಜುಲೇಖಾ. ಎಷ್ಟು ಆಸೆಯಿಂದ ತಿರುಗಿತು ಗೊತ್ತಾ? ನಾನು ಎರಡೂ ಕೈಯಲ್ಲಿ ಹಿಡ್ಕೊಂಡೆ. ಅಲ್ಲೇ ನಿಲ್ಲಿಸಿ ಅತ್ತೆ. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯ. ಆ ಸೀಟಲ್ಲಿ ಯಾರು ಕೂರ್ತಿದ್ರೋ ನನಗೆ ಗೊತ್ತಾಗೋದು ಬೇಡ. ಕಾರು ತಗೊಂಡು ಹೋಗ್ಲಿ, ಆ ದಾರಿಗೆ ಮಾತ್ರ ನನ್ನ ಕರೀಬೇಡಿ."

ನನಗೆ ಅವರ ಮೇಲೆ ಕನಿಕರ ಬಂತು. ಆದರೂ ಹುಲಿಗೆಮ್ಮನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಪಾಪ, ಬಿಡಿ. ನಾನು ಗಟ್ಟಿಯಾಗಿ ಹಿಡ್ಕೊಂಡು ಓಡಿಸ್ತೀನಿ" ಎಂದರು ಅವರು.

"ಆ ಮುಂಗೈಯಲ್ಲಾ? ಮಳೇಲಿ, ಗುಡ್ಡದ ತಿರುವಲ್ಲಿ? ಆಗೋದಿಲ್ಲ ಸಿಸ್ಟರ್. ಬೇರೆ ಕಾರು ಹುಡುಕೋಣ."

ಹುಡುಕಿದೆವು. ಹತ್ತು ದಿನದಲ್ಲಿ ನಾಲ್ಕು ಕಾರು ನೋಡಿದೆ. ಒಂದರ ಆಯಿಲ್ ಕಡ್ಡಿಗೆ ಹಾಲು ಬೆರೆಸಿದಂಥ ನೊರೆ ಹತ್ತಿತ್ತು, ಎಂದರೆ ಎಂಜಿನ್ನಿನೊಳಗೆ ನೀರು ಸೇರುತ್ತಿದೆ. ಇನ್ನೊಂದರ ಎಂಜಿನ್ ನಂಬರಿಗೂ ಕಾಗದದಲ್ಲಿದ್ದ ನಂಬರಿಗೂ ಸಂಬಂಧವೇ ಇರಲಿಲ್ಲ. ಮೂರನೆಯದು ಗಿಡ್ಡ ಕಾರು, ಗುಡ್ಡಕ್ಕೆ ಆಗದು. ನಾಲ್ಕನೆಯದರ ಯಜಮಾನನಿಗೆ ಇಪ್ಪತ್ತಾರು ದಾರಿಗಳಿದ್ದವು. ಬಿಡಿಸುವುದಕ್ಕೇ ಮಳೆಗಾಲ ಮುಗಿಯುತ್ತಿತ್ತು. ಆಕಾಶ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗತೊಡಗಿತ್ತು.

ಆಗ ಹುಲಿಗೆಮ್ಮನವರು ತಾವೇ ಕುಸುಮಾವತಿಯವರ ಮನೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಕಾರಿನ ಮಾತು ತೆಗೆಯಲಿಲ್ಲ. ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, ಹಿಂದಿನ ಮಳೆಗಾಲದಲ್ಲಿ ಬಿದ್ದ ದಿನದ ಕತೆ ಹೇಳಿದರು. ಐದನೆಯ ಕೇರಿಯಿಂದ ಫೋನ್ ಬಂದಿತ್ತು. ಚೊಚ್ಚಲ ಹೆರಿಗೆ. ತಿರುವಿನಲ್ಲಿ ಬಿದ್ದ ಮೇಲೆ ಸ್ಕೂಟರು ಬಿಟ್ಟು, ಮುರಿದ ಕೈಯನ್ನು ದುಪಟ್ಟದಲ್ಲಿ ಕಟ್ಟಿಕೊಂಡು ನಡೆದೇ ಹೋದರು. ತಲುಪಿದಾಗ ತಾಯಿ ಉಳಿದಿದ್ದಳು. ಮಗು ಉಳಿದಿರಲಿಲ್ಲ.

"ಇಪ್ಪತ್ತು ನಿಮಿಷ ಮುಂಚೆ ಹೋಗಿದ್ರೆ ಉಳೀತಿತ್ತು. ಅದು ನನಗೆ ಗೊತ್ತು, ಆ ಹುಡುಗಿಗೂ ಗೊತ್ತು. ಅವಳು ಈಗ ಮತ್ತೆ ಬಸುರಿ. ಇನ್ನೊಂದು ತಿಂಗಳಿಗೆ ದಿನ ತುಂಬುತ್ತೆ" ಎಂದು ನಿಲ್ಲಿಸಿದರು.

ಕುಸುಮಾವತಿಯವರು ಎದ್ದು ಒಳಗೆ ಹೋದರು. ಬರುವುದಿಲ್ಲವೇನೋ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು. "ಗುರುವಾರ ಬನ್ನಿ. ಯಾರೇ ಇರ್ಲಿ, ನಾನು ಕಾರಿಂದ ಇಳಿಯಲ್ಲ. ಕೈಯಿಟ್ಟು ಹೇಳಿ ಬಂದುಬಿಡ್ತೀನಿ" ಎಂದರು.

ಗುರುವಾರ ಮಧ್ಯಾಹ್ನ ಮೂವರೂ ಹೊರಟೆವು. ಹುಲಿಗೆಮ್ಮನವರು ಸ್ಟೀರಿಂಗಿಗೆ ಕೂತರು, ನಾನು ಪಕ್ಕದ ತಗ್ಗು ಸೀಟಿನಲ್ಲಿ. ಕುಸುಮಾವತಿಯವರು ಹಿಂದೆ. ಅಂಗಡಿ, ಬಸದಿ, ಸಂತೆ ಮೈದಾನ ಮೂರೂ ಕಡೆ ನಿಂತು ಬಿಡಿಸಿದೆವು. ಪ್ರತಿ ಸಲವೂ ಅವರು ಇಳಿದು ಮುಂದೆ ಬಂದು, ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿ ಮತ್ತೆ ಹಿಂದಕ್ಕೆ ಹೋಗಿ ಕೂತರು. ಆಮೇಲೆ ಇಟ್ಟಿಗೆ ಗೂಡಿನ ಕವಲು ಬಂತು.

"ಕೈ ಬಿಡಿ" ಎಂದೆ. ಹುಲಿಗೆಮ್ಮನವರು ಬೆರಳುಗಳನ್ನು ಸಡಿಲಿಸಿದರು. ಕಾರು ಗುಡ್ಡದ ಕಡೆ ತಿರುಗಿತು. ಹಿಂದಿನ ಸೀಟಿನಿಂದ ಒಂದು ಉಸಿರು ಕೇಳಿಸಿತು, ಅಷ್ಟೇ. ರಸ್ತೆ ಕಪ್ಪಿನಿಂದ ಕೆಂಪಾಯಿತು. ಮೊದಲ ತಿರುವು, ಎರಡನೆಯದು, ಮೂರನೆಯದು. ಎಲ್ಲೂ ತಡವರಿಸಲಿಲ್ಲ. ಮೂರನೆಯ ಕೇರಿಯಾದ ಕೆಂಪುಕೇರಿಯೊಳಗೆ ನುಗ್ಗಿ, ಶಾಲೆಯನ್ನು ದಾಟಿ, ದಾಸವಾಳದ ಬೇಲಿಯಿದ್ದ ಒಂದು ಚಿಕ್ಕ ಮನೆಯ ಮುಂದೆ ನಿಧಾನವಾಯಿತು. ಹುಲಿಗೆಮ್ಮನವರು ಬ್ರೇಕ್ ಒತ್ತಿ ಎಂಜಿನ್ ಆರಿಸಿದರು.

ಕಾರಿನ ಸದ್ದಿಗೆ ಮನೆಯೊಳಗಿಂದ ಒಬ್ಬ ಹೆಂಗಸು ಓಡಿ ಬಂದಳು. ಅರವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಸೌಟು. ಗೇಟಿನ ತನಕ ಓಡಿ ಬಂದು, ಕಾರನ್ನು ನೋಡಿ, ಒಳಗಿರುವವರನ್ನು ನೋಡಿ ಗೇಟು ಹಿಡಿದು ನಿಂತುಬಿಟ್ಟಳು.

ಕುಸುಮಾವತಿಯವರು ಹಿಂದಿನ ಸೀಟಿನಿಂದ, "ಅಕ್ಕ" ಎಂದರು.

ಅವಳು ಚಂದ್ರಮತಿ, ಕುಸುಮಾವತಿಯವರ ಒಡಹುಟ್ಟಿದ ಅಕ್ಕ, ಕೆಂಪುಕೇರಿಯ ಶಾಲೆಯಲ್ಲಿ ಟೀಚರಾಗಿದ್ದವಳು. ಅಕ್ಕತಂಗಿಯರು ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಇವರ ತಾಯಿ ಕೊನೆಗಾಲದಲ್ಲಿ ಅಕ್ಕನ ಮನೆಯಲ್ಲಿದ್ದರು. ತಾಯಿ ಹೋದಾಗ ಕುಸುಮಾವತಿಯವರು ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಈ ಸ್ಥಿತಿಯಲ್ಲಿ ತಿಳಿದರೆ ತಂಗಿ ತಡೆದುಕೊಳ್ಳುವುದಿಲ್ಲ ಎಂದು ಚಂದ್ರಮತಿ ಎಂಟು ದಿನ ಸುದ್ದಿ ಮುಟ್ಟಿಸಲಿಲ್ಲ. ನನ್ನ ತಾಯಿಯ ಮುಖ ನನಗೆ ತೋರಿಸದವಳ ಮುಖ ನಾನೂ ನೋಡುವುದಿಲ್ಲ ಎಂದು ತಂಗಿ ಅಂದುಬಿಟ್ಟಿದ್ದರು. ಅಂದ ಹಾಗೆಯೇ ನಡೆದುಕೊಂಡಿದ್ದರು; ಗಂಡ ಆ ಮನೆಗೆ ಹೋಗಿರಬಹುದು ಎಂದು ಅವರಿಗೆ ಹೊಳೆದಿರಲೇ ಇಲ್ಲ.

ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಗೇಟಿನ ಆಚೆ ಈಚೆ ಇಬ್ಬರು ಹೆಂಗಸರು. ಇಳಿಯುವುದಿಲ್ಲ ಎಂದಿದ್ದ ಕುಸುಮಾವತಿಯವರು ಯಾವಾಗ ಇಳಿದರೋ ನಾನು ನೋಡಲಿಲ್ಲ.

"ಇವರು ಇಲ್ಲಿಗೆ ಬರ್ತಿದ್ರಾ?" ಎಂದು ಕೇಳಿದರು.

"ಪ್ರತಿ ಗುರುವಾರ. ತೀರಿಕೊಳ್ಳೋ ತನಕ, ಎರಡು ವರ್ಷ" ಎಂದಳು ಚಂದ್ರಮತಿ. "ನಿಮ್ಮನ್ನ ತಂಗಿ ಹತ್ರ ಕರ್ಕೊಂಡು ಹೋಗ್ತೀನಿ, ಬನ್ನಿ ಅತ್ತಿಗೆ ಅಂತ ಕಾರಲ್ಲಿ ಕೂರಿಸ್ಕೊಂಡು ಹೊರಡ್ತಿದ್ರು. ನಾನು ಗಟ್ಟಿ ಮನಸ್ಸು ಮಾಡಿ ಕೂರ್ತಿದ್ದೆ. ಇಟ್ಟಿಗೆ ಗೂಡು ಬಂದ ಕೂಡಲೇ ಧೈರ್ಯ ಹೋಗೋದು. ನಿಲ್ಲಿಸಿ ಅಂತಿದ್ದೆ. ಅಲ್ಲೇ ಇಳಿದು ಬಸ್ಸಿಗೆ ವಾಪಸ್ ಬರ್ತಿದ್ದೆ. ಒಂದು ದಿನವೂ ಬೈಲಿಲ್ಲ ಅವರು. ಮುಂದಿನ ವಾರ ನೋಡೋಣ ಬಿಡಿ ಅಂತಿದ್ರು."

"ನನಗೆ ಹೇಳ್ಲಿಲ್ಲ."

"ನಾನೇ ಬೇಡ ಅಂದಿದ್ದೆ. ಬಂದು ನಿಂತ್ಮೇಲೆ ಗೊತ್ತಾಗ್ಲಿ ಅಂತ." ಚಂದ್ರಮತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಉಪ್ಪಿನಕಾಯಿ ಕೊಟ್ಟು ಕಳಿಸ್ತಿದ್ದೆ. ನೆಲ್ಲಿಕಾಯಿದು. ಕೊಟ್ರಾ?"

ಕುಸುಮಾವತಿಯವರು ತಲೆಯಾಡಿಸಿದರು. "ಯಾರೋ ಗಿರಾಕಿ ಕೊಟ್ರು ಅಂತ ತಂದಿದ್ರು. ನಮ್ಮಮ್ಮ ಮಾಡಿದ ಹಾಗೇ ಇದೆಯಲ್ರೀ ಅಂದೆ ನಾನು. ನಗ್ತಾ ಇದ್ರು" ಎಂದು ಹೇಳಿ, ಅಲ್ಲೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತರು. ಚಂದ್ರಮತಿ ಗೇಟು ತೆಗೆದು ಬಂದು ಪಕ್ಕದಲ್ಲಿ ಕೂತಳು. ಸೌಟು ಇನ್ನೂ ಕೈಯಲ್ಲೇ ಇತ್ತು. ಹುಲಿಗೆಮ್ಮನವರು ನನ್ನ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು. ಇಬ್ಬರೂ ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಗ್ಗಿಯನ್ನು ಎರಡು ಸಲ ಓದಿದೆವು.

ಅರ್ಧ ಗಂಟೆಯ ಮೇಲೆ ಬಂದಾಗ ಅಕ್ಕತಂಗಿಯರು ಜಗಲಿಯಲ್ಲಿ ಕೂತಿದ್ದರು. ನಮಗೂ ಅವಲಕ್ಕಿ ಕೊಟ್ಟರು. ತಿಂದಾದ ಮೇಲೆ ನಾನು ಬಂದ ಕೆಲಸವನ್ನು ನೆನಪಿಸಬೇಕಾಯಿತು. ನನಗೆ ಇಷ್ಟವಿರಲಿಲ್ಲ, ಆದರೆ ಹುಲಿಗೆಮ್ಮನವರು ತಾವಾಗಿ ಬಾಯಿಬಿಟ್ಟು ಕೇಳುವವರಲ್ಲ. ಕುಸುಮಾವತಿಯವರು ಎದ್ದು ಬಂದರು. ಕಾರಿನ ಮುಂದಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟರು. ಬಾಯಿ ತೆರೆದರು. ಕೈ ತೆಗೆದರು.

"ಇಲ್ಲಿ ಕೆಲಸ ಇಲ್ಲ ಅಂತ ಹೇಗೆ ಹೇಳ್ಲಿ?" ಎಂದರು. "ಇದೊಂದು ದಾರಿ ಬಿಡಿಸೋಕೆ ಆಗೋದಿಲ್ಲ ಸಿಸ್ಟರ್. ಅವರು ಎರಡು ವರ್ಷ ಓಡಾಡಿ ಕಲಿಸಿದ ದಾರಿ. ತಪ್ಪು ತಿಳ್ಕೋಬೇಡಿ."

ಹುಲಿಗೆಮ್ಮನವರ ಮುಖ ನೋಡಲಾಗದೆ ನಾನು ಟೈರು ನೋಡುತ್ತ ನಿಂತೆ. ಮಳೆಗೆ ಹತ್ತು ದಿನವೂ ಉಳಿದಿರಲಿಲ್ಲ. ನಿಯಮದ ಪ್ರಕಾರ ದಾರಿ ಬಿಡಿಸದ ಕಾರು ಮಾರುವ ಹಾಗಿಲ್ಲ. ಆ ನಿಯಮ ಮಾಡಿದ್ದು ನನ್ನ ಅಪ್ಪ, ನಡೆಸಿಕೊಂಡು ಬಂದದ್ದು ನಾನು.

ಆಗ ಹುಲಿಗೆಮ್ಮನವರು ಮೆಲ್ಲಗೆ ಕೇಳಿದರು. "ಬಿಡಿಸ್ಬೇಕು ಅಂತ ಯಾಕೆ, ಜುಲೇಖಕ್ಕ?"

"ಕಾರು ಗುಡ್ಡದ ಕಡೆ ಎಳೆಯುತ್ತೆ."

"ನಾನು ಹೋಗ್ಬೇಕಾದ್ದೂ ಗುಡ್ಡಕ್ಕೇ ಅಲ್ವಾ?"

ನಾನು ಅವರನ್ನೇ ನೋಡಿದೆ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಹಳೆಯ ದಾರಿ ಎಂದರೆ ದೋಷ, ತುಕ್ಕಿನ ಹಾಗೆ, ಆಯಿಲ್ ಸೋರುವ ಹಾಗೆ, ತೆಗೆದುಹಾಕಬೇಕಾದದ್ದು ಎಂದೇ ಅಂದುಕೊಂಡು ಬಂದಿದ್ದೆ. ಗುಡ್ಡದ ಹೆರಿಗೆಗಳಿಗೆ ಕಾರು ಹುಡುಕುತ್ತಿದ್ದವಳಿಗೆ, ಗುಡ್ಡದ ತಿರುವುಗಳನ್ನೆಲ್ಲ ಬಲ್ಲ ಕಾರು ಕೈಗೆ ಸಿಕ್ಕಾಗಲೂ ಕಾಣಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಿದೆ.

"ನನ್ನ ಏಳು ಕೇರಿಗಳಿಗೂ ಈ ದಾರಿಯಲ್ಲೇ ಬರ್ಬೇಕು ಅಮ್ಮ" ಎಂದು ಹುಲಿಗೆಮ್ಮನವರು ಕುಸುಮಾವತಿಯವರ ಕಡೆ ತಿರುಗಿದರು. "ದಾರಿ ಬಿಡಿಸ್ಬೇಡಿ. ಹಾಗೇ ಕೊಡಿ. ಗುರುವಾರ ನಾನು ಹೇಗೂ ಚುಚ್ಚುಮದ್ದು ಹಾಕೋಕೆ ಮೇಲೆ ಬರ್ತೀನಿ. ನಿಮ್ಮನ್ನ ಇಲ್ಲಿ ಇಳಿಸಿ, ಸಂಜೆ ಕರ್ಕೊಂಡು ಹೋಗ್ತೀನಿ."

ಕುಸುಮಾವತಿಯವರು ಅಕ್ಕನನ್ನು ನೋಡಿದರು. ಆಮೇಲೆ ಕಾರಿನ ಬೀಗದ ಕೈಯನ್ನು ಹುಲಿಗೆಮ್ಮನವರ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಹೊರಡುವಾಗ ಚಂದ್ರಮತಿಯೂ ಬಂದಳು. ಒಂದು ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಮನೆಗೆ ಬೀಗ ಹಾಕಿದಳು. ಅಕ್ಕತಂಗಿಯರಿಬ್ಬರೂ ಹಿಂದೆ ಕೂತರು. ಇಟ್ಟಿಗೆ ಗೂಡು ಕಾಣಿಸಿದ ಕೂಡಲೇ ಕಾರು ತಾನಾಗಿ ಎಡಕ್ಕೆ ಸರಿದು ರಸ್ತೆಯಂಚಿಗೆ ಬಂದು ನಿಧಾನವಾಯಿತು. ಚಂದ್ರಮತಿ ಅಲ್ಲಿ ಇಳಿಯುತ್ತಾಳೆ ಎನ್ನುವುದು ಅದಕ್ಕೆ ಗೊತ್ತು. ಹುಲಿಗೆಮ್ಮನವರು ಅದನ್ನು ಎಳೆಯಲಿಲ್ಲ, ನಿಲ್ಲಲು ಬಿಟ್ಟರು. ಎಂಜಿನ್ ಆರಿಸಿದರು. ನಾನು ಹಿಂದೆ ತಿರುಗಿ ನೋಡಲಿಲ್ಲ.

ಬಾಗಿಲಿನ ಸದ್ದು ಬರಲಿಲ್ಲ. ಚಂದ್ರಮತಿ ಮುಂದಕ್ಕೆ ಬಾಗಿ, ನಮ್ಮಿಬ್ಬರ ಸೀಟುಗಳ ಮಧ್ಯದಿಂದ ಕೈ ಚಾಚಿ ಡ್ಯಾಶ್‌ಬೋರ್ಡ್ ಮುಟ್ಟಿದಳು.

"ಇಲ್ಲಿ ಇನ್ನು ಕೆಲಸ ಇಲ್ಲ. ನಡೀರಿ" ಎಂದಳು.

ಆಮೇಲಿನ ಒಂದು ವಾರ ಹುಲಿಗೆಮ್ಮನವರಿಗೆ ನಾನು ಕಾರು ನೋಡಿಕೊಳ್ಳುವುದನ್ನು ಕಲಿಸಿದೆ. ವಾರಕ್ಕೊಮ್ಮೆ ಬೆಳಿಗ್ಗೆ ಆಯಿಲ್ ನೋಡಿ. ಟೈರಿನ ಗಾಳಿ ತಣ್ಣಗಿರುವಾಗಲೇ ಪರೀಕ್ಷಿಸಿ, ಓಡಿ ಬಂದ ಮೇಲೆ ಅಲ್ಲ. ಡಿಕ್ಕಿಯಲ್ಲಿರುವ ಐದನೆಯ ಚಕ್ರಕ್ಕೂ ಗಾಳಿ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ವೈಪರ್ ರಬ್ಬರನ್ನು ಮಳೆ ಬಂದ ಮೇಲೆ ಅಲ್ಲ, ಬರುವ ಮೊದಲು ಬದಲಿಸಿ. ಇಳಿಜಾರಿನಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಬಂದರೆ ಬಿಸಿಯಾಗಿ ಹಿಡಿಯುವುದಿಲ್ಲ, ಹತ್ತಿದ ಗೇರಿನಲ್ಲೇ ಇಳಿಯಿರಿ. ಅವರು ಎಲ್ಲವನ್ನೂ ಔಷಧಿಯ ಪ್ರಮಾಣ ಕೇಳಿಕೊಳ್ಳುವ ಹಾಗೆ ಕೇಳಿಕೊಂಡರು, ತಿರುಗಿ ಹೇಳಿ ಒಪ್ಪಿಸಿದರು. ದಿನಕ್ಕೆ ಎರಡು ಸಲ ಮೇಲಿನ ಕೇರಿಗಳ ತನಕ ಹೋಗಿ ಬಂದರು. ಕೆಂಪುಕೇರಿಯ ತನಕದ ದಾರಿ ಧರಣೇಂದ್ರಯ್ಯನವರು ಕಲಿಸಿದ್ದು. ಅಲ್ಲಿಂದ ಮೇಲಿನದನ್ನು ಇವರೇ ಕಲಿಸಬೇಕಿತ್ತು.

ಮಳೆ ಹಿಡಿದು ಎರಡು ವಾರವಾಗಿತ್ತು. ಒಂದು ಮಧ್ಯಾಹ್ನ ಬ್ರೇಕ್ ನೋಡಲು ಕಾರನ್ನು ಗ್ಯಾರೇಜಿಗೆ ತಂದಿದ್ದರು. ನಾನು ಚಕ್ರ ಬಿಚ್ಚಿದ್ದೆ. ಅವರ ಫೋನ್ ಬಡಿಯಿತು. ಐದನೆಯ ಕೇರಿ, ಅದೇ ಹುಡುಗಿ. ಹೆಸರು ಮಾದೇವಿ. ಹೇಳಿದ ದಿನಕ್ಕಿಂತ ಮುಂಚೆ ನೋವು ಶುರುವಾಗಿದೆ. ಚಕ್ರ ಸೇರಿಸಿ ನಟ್ ಬಿಗಿ ಮಾಡುವಾಗ ನನ್ನ ಕೈಗಳು ಎಂದೂ ಅಷ್ಟು ಬೇಗ ಓಡಿರಲಿಲ್ಲ. ಬ್ರೇಕ್ ಪೂರ್ತಿ ಪರೀಕ್ಷೆ ಆಗಿರಲಿಲ್ಲವಾದ್ದರಿಂದ ನಾನೂ ಹತ್ತಿ ಕೂತೆ.

ಎರಡನೆಯ ತಿರುವಿಗೆ ಹೋಗುವಷ್ಟರಲ್ಲಿ ಮೋಡ ರಸ್ತೆಗೇ ಇಳಿದಿತ್ತು. ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಹುಲಿಗೆಮ್ಮನವರು ಮೊದಲ ಗೇರಿಗೆ ತಂದರು. ಅವರು ಬಿದ್ದ ಜಾಗ ಇದೇ. ಅವರ ಎಡಗೈಯ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿದ್ದವು.

"ಸಡಿಲ ಮಾಡಿ ಸಿಸ್ಟರ್" ಎಂದೆ. "ಅದಕ್ಕೆ ಗೊತ್ತಿದೆ."

ಅವರು ಒಂದು ಸಲ ನನ್ನ ಕಡೆ ನೋಡಿ, ಬೆರಳು ಬಿಟ್ಟರು. ಪೂರ್ತಿ ಅಲ್ಲ, ಮಗುವಿನ ತಲೆ ಹಿಡಿಯುವಷ್ಟು. ಕಣ್ಣಿಗೆ ತಿರುವು ಕಾಣುವ ಮೊದಲೇ ಸ್ಟೀರಿಂಗ್ ತಿರುಗಿತು. ಪಕ್ಕದಲ್ಲಿ ಬಂಡೆಯ ಒದ್ದೆ ಮೈ ಸರಿದು ಹೋಯಿತು. ಆಮೇಲೆ ಮತ್ತೊಂದು ತಿರುವು. ಕೆಂಪುಕೇರಿಯ ದಾಸವಾಳದ ಬೇಲಿಯ ಹತ್ತಿರ ಕಾರು ನಿಧಾನವಾದಾಗ ಅವರು ಮೆಲ್ಲಗೆ, "ಇವತ್ತು ಮೇಲೆ ಹೋಗೋದಿದೆ ಕಣೋ" ಎಂದು ಆಕ್ಸಿಲರೇಟರ್ ಒತ್ತಿದರು. ಅದು ಒಂದು ಕ್ಷಣ ತಡೆಯಿತು, ಆಮೇಲೆ ಹೊರಟಿತು. ನಾಲ್ಕನೆಯ ಕೇರಿ ದಾಟಿದ ಮೇಲೆ, ಅವರು ತಾವೇ ಓಡಾಡಿ ಕಲಿಸಿದ್ದ ಕಲ್ಲುದಾರಿಯಲ್ಲಿ, ಹಳ್ಳದ ಅಂಚಿನಿಂದ ಅದು ತಾನಾಗಿ ದೂರ ಸರಿದಾಗ ಹುಲಿಗೆಮ್ಮನವರು ಸಣ್ಣಗೆ ನಕ್ಕರು.

ಮನೆಯ ಮುಂದೆ ಹ್ಯಾಂಡ್‌ಬ್ರೇಕ್ ಎಳೆದು, ಚೀಲ ಹಿಡಿದು ಓಡಿದರು. ನಾನೂ ಹಿಂದೆಯೇ ಓಡಿದೆ. ಜಗಲಿಯಲ್ಲಿ ಮಾದೇವಿ ಕಂಬ ಹಿಡಿದು ನಿಂತಿದ್ದಳು. ನೋವು ಬಂದಾಗ ಕಣ್ಣು ಮುಚ್ಚಿ, ಹೋದಾಗ ತೆರೆದು, ಆ ಕಂಬದಿಂದ ಈ ಕಂಬಕ್ಕೆ ನಡೆಯುತ್ತಿದ್ದಳು. ನಮ್ಮನ್ನು ನೋಡಿ ಮೊದಲು ನಂಬಲಿಲ್ಲ. ಆಮೇಲೆ ಹುಲಿಗೆಮ್ಮನವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹುಲಿಗೆಮ್ಮನವರು ಒಳಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿ ಹೊರಗೆ ಬಂದರು.

"ಎಲ್ಲ ಸರಿಯಿದೆ. ಇನ್ನೂ ಹೊತ್ತಿದೆ. ಎರಡು ಗಂಟೆಯಾದ್ರೂ ಇದೆ" ಎಂದರು. ಆ ಮಾತನ್ನು ತಮಗೇ ಕೇಳಿಸಿಕೊಳ್ಳುವವರ ಹಾಗೆ ಹೇಳಿದರು.

ಮಾದೇವಿಯ ಅತ್ತೆ ಚಹಾ ತಂದುಕೊಟ್ಟಳು. ಹುಲಿಗೆಮ್ಮನವರು ಲೋಟ ಹಿಡಿದು ಎಲ್ಲಿ ಕೂರಬೇಕು ಎಂದು ತಿಳಿಯದೆ ನಿಂತರು. ಹನ್ನೊಂದು ವರ್ಷದಲ್ಲಿ ಮಳೆಗಾಲದಲ್ಲಿ ಗುಡ್ಡದ ಮೇಲೆ ಇಷ್ಟು ಮುಂಚೆ ತಲುಪಿದ್ದು ಇದೇ ಮೊದಲು ಎಂದು ಆಮೇಲೆ ಹೇಳಿದರು; ಕಾಯುವಾಗ ಏನು ಮಾಡುತ್ತಾರೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲವಂತೆ. ಕೊನೆಗೆ ಜಗಲಿಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಮಾದೇವಿ ಮತ್ತೆ ಬಂದು ನಮ್ಮ ಹಿಂದೆ ನಡೆಯತೊಡಗಿದಳು. ಮಳೆ ಒಂದೇ ಸಮ ಸುರಿಯುತ್ತಿತ್ತು. ಬೂದು ಕಾರು ಇಳಿಜಾರಿನಲ್ಲಿ ಅಲುಗಾಡದೆ ನಿಂತಿತ್ತು. ನನಗೆ ಅದರ ಬ್ರೇಕಿನ ಬಗ್ಗೆ ಇನ್ನು ಅನುಮಾನ ಉಳಿದಿರಲಿಲ್ಲ.

ಚಹಾ ಮುಗಿಯಿತು, ಇನ್ನೊಂದು ಲೋಟವೂ ಮುಗಿಯಿತು. ಮಾದೇವಿ ಕಂಬ ಬಿಟ್ಟು, "ಅಕ್ಕಾ" ಎಂದಳು. ಹುಲಿಗೆಮ್ಮನವರು ಎದ್ದು ಅವಳ ಸೊಂಟಕ್ಕೆ ಕೈ ಕೊಟ್ಟು ಒಳಗೆ ನಡೆಸಿಕೊಂಡು ಹೋದರು. ಬಾಗಿಲು ಮುಚ್ಚಿತು.

ಐದೂಕಾಲಿಗೆ ಒಳಗಿಂದ ಅಳು ಕೇಳಿತು. ಮಳೆಯ ಸದ್ದನ್ನೂ ಮೀರಿದ ಗಟ್ಟಿ ಅಳು. ಅತ್ತೆ ಹೊರಗೆ ಬಂದವಳು ಛತ್ರಿಯನ್ನೂ ಹಿಡಿಯದೆ ಅಂಗಳಕ್ಕೆ ಇಳಿದು, ಕೇರಿಯ ಮನೆಗಳ ಕಡೆ ಮುಖ ಮಾಡಿ, ಕೈಗಳನ್ನು ಬಾಯಿಯ ಎರಡೂ ಬದಿಗೆ ಹಿಡಿದು ಕೂಗಿದಳು: "ಹೆಣ್ಣು ಮಗು. ಅಳ್ತಾ ಇದೆ, ಬಂದು ಕೇಳ್ರೇ."